ದೊಡ್ಡ ಮನೆಗೆ ಮೆಶ್ ವೈಫೈ: ಮೈಸೂರು, ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ದೊಡ್ಡದಿದ್ದರೆ ಒಂದು ರೂಟರ್ ಸಾಲುವುದಿಲ್ಲ. ಇದು ಈಗ ಎಲ್ಲರಿಗೂ ಗೊತ್ತು. ಆದರೆ ಎಷ್ಟು ಬಾಕ್ಸ್ ಬೇಕು, ಎಲ್ಲಿ ಇಡಬೇಕು, ವೈರ್ ಎಳೆಯಬೇಕಾ ಬೇಡವಾ ಅನ್ನುವ ಜಾಗದಲ್ಲಿ ದುಡ್ಡು ಸುಮ್ನೆ ಪೋಲಾಗುತ್ತದೆ. ನಮ್ಮ ಕಡೆಯ ಮನೆಗಳಿಗೆ ಮೆಶ್ ಹಾಕುವಾಗ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಬಾಕ್ಸ್ ಎಷ್ಟು ದುಬಾರಿ ಅನ್ನುವುದಕ್ಕಿಂತ, ಒಂದು ಬಾಕ್ಸಿನಿಂದ ಇನ್ನೊಂದಕ್ಕೆ ಡೇಟಾ ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದು ಮುಖ್ಯ. ಕೆಳಗಿನ ಉತ್ತರಗಳಲ್ಲಿ ಮುಕ್ಕಾಲು ಪಾಲು ಇದರ ಸುತ್ತಲೇ ಇವೆ.

ಮೆಶ್ ಅಂದರೆ ಏನು? ರಿಪೀಟರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಎರಡು ಮೂರು ಬಾಕ್ಸ್‌ಗಳು ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟುಕೊಂಡು ಒಂದೇ ವೈಫೈ ಥರ ಕೆಲಸ ಮಾಡುವುದು ಮೆಶ್. ಒಂದು ಬಾಕ್ಸ್ ಇಂಟರ್ನೆಟ್ ಲೈನಿಗೆ ಸೇರಿಕೊಂಡಿರುತ್ತದೆ. ಉಳಿದವು ಅದರಿಂದ ಡೇಟಾ ಪಡೆದು ಮನೆಯ ಬೇರೆ ಬೇರೆ ಮೂಲೆಗೆ ಹಂಚುತ್ತವೆ. ಹಾಲ್‌ನಲ್ಲಿ ವಿಡಿಯೋ ಕಾಲ್ ಶುರು ಮಾಡಿ ಮಹಡಿ ಹತ್ತಿದರೆ, ಫೋನ್ ಮೇಲಿನ ಬಾಕ್ಸ್‌ಗೆ ತಾನಾಗಿ ಬದಲಾಗುತ್ತದೆ.

ಅಗ್ಗದ ರಿಪೀಟರ್‌ಗಳು ಸಿಕ್ಕ ಸಿಗ್ನಲ್ಲನ್ನೇ ಮತ್ತೆ ಹೊರಗೆ ಬಿಡುತ್ತವೆ, ಅಷ್ಟೇ. ಮುಖ್ಯ ರೂಟರ್‌ಗೂ ಅದಕ್ಕೂ ಹೊಂದಾಣಿಕೆ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಹೆಸರಿನ ಮುಂದೆ ‘ಎಕ್ಸ್‌ಟ್’ ಅಂತ ಇನ್ನೊಂದು ವೈಫೈ ಕಾಣಿಸುತ್ತದೆ. ಫೋನನ್ನು ಕೈಯಾರೆ ಅತ್ತಿಂದಿತ್ತ ಬದಲಿಸುತ್ತಾ ಇರಬೇಕು. ಒಂದೇ ಒಂದು ರೂಮಿಗೆ, ಬರೀ ವಾಟ್ಸಾಪ್ ನೋಡುವುದಕ್ಕಾದರೆ ರಿಪೀಟರ್ ಸಾಕು. ಇಡೀ ಮನೆಗಾದರೆ ಬೇಡ.

ಮನೆ ಬಳಕೆಯ ಮೆಶ್ ಸೆಟ್‌ಗಳು ಜನಪ್ರಿಯವಾಗತೊಡಗಿದ್ದು 2016ರಲ್ಲಿ. ಈರೋ, ನೆಟ್‌ಗಿಯರ್ ಆರ್ಬಿ, ಗೂಗಲ್ ವೈಫೈ ಮೂರೂ ಅದೇ ವರ್ಷ ಮಾರುಕಟ್ಟೆಗೆ ಬಂದವು. ಈಗ ಟಿಪಿ-ಲಿಂಕ್, ಆಸುಸ್, ಡಿ-ಲಿಂಕ್ ಎಲ್ಲದರಲ್ಲೂ ಸಿಗುತ್ತವೆ.

ನಮ್ಮ ಮನೆಗೆ ನಿಜವಾಗಿ ಮೆಶ್ ಬೇಕಾ?

ಕೊಳ್ಳುವ ಮೊದಲು ಎರಡು ಪರೀಕ್ಷೆ ಮಾಡಿ. ಎರಡಕ್ಕೂ ದುಡ್ಡು ಖರ್ಚಿಲ್ಲ.

ಮೊದಲನೆಯದು, ರೂಟರ್ ಪಕ್ಕದಲ್ಲೇ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಫೋನ್ 5 ಗಿಗಾಹರ್ಟ್ಸ್ ವೈಫೈಗೆ (2.4, 5 ಅನ್ನುವ ಎರಡು ಬ್ಯಾಂಡ್‌ಗಳಲ್ಲಿ ವೇಗದ್ದು ಇದು) ಸೇರಿರಲಿ. ಅಲ್ಲೇ ಸ್ಪೀಡ್ ಬರದಿದ್ದರೆ ತೊಂದರೆ ಲೈನಿನಲ್ಲಿದೆ, ವೈಫೈಯಲ್ಲಿ ಅಲ್ಲ. ಎಷ್ಟು ಮೆಶ್ ಬಾಕ್ಸ್ ತಂದರೂ ಅದು ಸರಿಯಾಗದು. ಫೈಬರ್ ಮೋಡೆಮ್ ಮೇಲೆ ‘ಲಾಸ್’ (LOS) ಅಂತ ಬರೆದಿರುವ ಕಡೆ ಕೆಂಪು ದೀಪ ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಕನೆಕ್ಷನ್ ಕೊಟ್ಟವರು ಬಂದಾಗ ಆಪ್ಟಿಕಲ್ ಪವರ್, ಅಂದರೆ ಬರುವ ಬೆಳಕಿನ ಬಲ, ಎಷ್ಟಿದೆ ಅಂತ ಕೇಳಿ. ಸಾಮಾನ್ಯವಾಗಿ ಬಳಸುವ ಜಿಪಾನ್ ಅನ್ನುವ ಬಗೆಯ ಫೈಬರ್ ಮೋಡೆಮ್‌ಗಳಿಗೆ ಅದು ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗಿರಬೇಕು. ಡಿಬಿಎಂ ಅನ್ನುವುದು ಸಿಗ್ನಲ್ ಬಲದ ಅಳತೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬಲ ಕಮ್ಮಿ. ಮೈನಸ್ 26, 27ರ ಹತ್ತಿರ ಇದ್ದರೆ ಮಳೆಗಾಲದಲ್ಲಿ ಕೈ ಕೊಡುವ ಲೈನು ಅದು. ಫೈಬರ್ ಎಲ್ಲಾದರೂ ಮಡಚಿದೆಯಾ, ಜಾಯಿಂಟ್ ಸರಿಯಿದೆಯಾ ನೋಡಿಸಿ.

ಎರಡನೆಯದು, ಈಗಿರುವ ರೂಟರ್ ಎಲ್ಲಿದೆ ನೋಡಿ. ನಮ್ಮ ಕಡೆ ಫೈಬರ್ ಬೀದಿ ಕಂಬದಿಂದ ಬಂದು ಪೋರ್ಟಿಕೋ ಪಕ್ಕದ ಕಿಟಕಿಯಲ್ಲಿ ಒಳಗೆ ನುಗ್ಗುತ್ತದೆ. ರೂಟರನ್ನು ಅಲ್ಲೇ, ಚಪ್ಪಲಿ ಸ್ಟ್ಯಾಂಡಿನ ಮೇಲೋ ಟಿವಿ ಹಿಂದಿನ ಗೂಡಿನಲ್ಲೋ ಇಟ್ಟು ಹೋಗುತ್ತಾರೆ. ಅರ್ಧ ಸಿಗ್ನಲ್ ಬೀದಿಗೆ ಹೋಗುತ್ತದೆ. ಅದನ್ನು ಮನೆಯ ನಡುವಿಗೆ, ಎದೆಮಟ್ಟಕ್ಕಿಂತ ಮೇಲೆ, ತೆರೆದ ಜಾಗಕ್ಕೆ ತಂದರೆ 30×40 ಸೈಟಿನ ಒಂದು ಅಂತಸ್ತಿನ ಮನೆಗೆ ಅಷ್ಟೇ ಸಾಕಾಗಬಹುದು. ಇಂಥ ಮನೆಯವರಿಗೆ ಮೆಶ್ ತಗೊಳ್ಳಿ ಅಂತ ನಾವು ಹೇಳುವುದಿಲ್ಲ.

ಪಕ್ಕದ ಮನೆಯವರಿಗೆ ಎರಡೇ ಬಾಕ್ಸ್ ಸಾಕಾಯಿತು. ನಮಗೆ ಯಾಕೆ ಸಾಲುತ್ತಿಲ್ಲ?

ಗೋಡೆ. ಬಾಕ್ಸಿನ ಡಬ್ಬಿ ಮೇಲೆ ಬರೆದಿರುವ ಚದರಡಿ ಲೆಕ್ಕ ನಮ್ಮ ಗೋಡೆಗಳಿಗೆ ಹೊಂದುವುದಿಲ್ಲ. ಆ ಲೆಕ್ಕ ಮರದ ಹಲಗೆ, ಜಿಪ್ಸಂ ಬೋರ್ಡಿನ ತೆಳು ಗೋಡೆಯ ಮನೆಗಳಿಗೆ ಸರಿ.

ಅಗ್ರಹಾರ, ಚಾಮರಾಜಪುರಂ, ಲಕ್ಷ್ಮೀಪುರಂ ಕಡೆಯ ಹಳೇ ಮನೆಗಳಲ್ಲಿ ಸುಣ್ಣದ ಗಾರೆ ಹಾಕಿ ಇಟ್ಟಿಗೆಯಲ್ಲಿ ಕಟ್ಟಿದ ಒಂದೂವರೆ ಅಡಿ ದಪ್ಪದ ಗೋಡೆಗಳಿವೆ. 5 ಗಿಗಾಹರ್ಟ್ಸ್ ಸಿಗ್ನಲ್ ಅಂಥ ಒಂದು ಗೋಡೆ ದಾಟುವಷ್ಟರಲ್ಲೇ ಸೋತುಹೋಗುತ್ತದೆ. 2.4 ಗಿಗಾಹರ್ಟ್ಸ್ ದಾಟುತ್ತದೆ, ಆದರೆ ನಿಧಾನ. ಹೊಸ ಬಡಾವಣೆಗಳಲ್ಲಿ, ವಿಜಯನಗರ, ಬೋಗಾದಿ, ದಟ್ಟಗಳ್ಳಿ ಕಡೆ, ಗೋಡೆ ತೆಳುವಾದರೂ ನೆತ್ತಿಯ ಮೇಲೆ ಆರ್‌ಸಿಸಿ ಇರುತ್ತದೆ. ಕಬ್ಬಿಣದ ಸರಳು ತುಂಬಿದ ಮೋಲ್ಡ್ ಸಿಗ್ನಲ್ಲನ್ನು ಚೆನ್ನಾಗಿ ತಡೆಯುತ್ತದೆ. ಅಂಥ ಮನೆಯಲ್ಲಿ ಸಿಗ್ನಲ್ ಮೇಲಕ್ಕೆ ಹೋಗುವ ಒಳ್ಳೆಯ ದಾರಿ ಮೆಟ್ಟಿಲು.

ತೊಟ್ಟಿ ಮನೆ ಇದ್ದವರಿಗೆ ಒಂದು ಅನುಕೂಲ ಇದೆ. ಗೋಡೆ ಎಷ್ಟೇ ದಪ್ಪ ಇರಲಿ, ತೊಟ್ಟಿಯ ಮೇಲೆ ಬರೀ ಗಾಳಿ. ಪಡಸಾಲೆಯಲ್ಲಿ ತೊಟ್ಟಿಗೆ ಮುಖ ಮಾಡಿ ಒಂದು ಬಾಕ್ಸ್ ಇಟ್ಟರೆ, ಎದುರು ಪಡಸಾಲೆಗೂ ಬಾಗಿಲು ತೆರೆದಿರುವ ಕೋಣೆಗಳಿಗೂ ಸಿಗ್ನಲ್ ನೇರ ಸಿಗುತ್ತದೆ. ಎರಡನೇ ಬಾಕ್ಸನ್ನು ಎದುರು ಪಡಸಾಲೆಯ ಕಂಬದ ಹತ್ತಿರ ಇಡಿ. ಎರಡಕ್ಕೂ ಒಂದಕ್ಕೊಂದು ಕಣ್ಣಿಗೆ ಕಾಣುತ್ತದೆ, ನಡುವೆ ಗೋಡೆ ಇಲ್ಲ. ಆರ್‌ಸಿಸಿಯ ಹೊಸ ಮನೆಗಿಂತ ನೂರು ವರ್ಷದ ತೊಟ್ಟಿ ಮನೆಯಲ್ಲಿ ವೈಫೈ ಚೆನ್ನಾಗಿ ನಡೆದರೆ ಆಶ್ಚರ್ಯ ಪಡಬೇಡಿ. ತೊಟ್ಟಿಗೆ ಮೇಲೆ ಶೀಟ್ ಹಾಕಿಸಿದ್ದರೂ ಚಿಂತೆಯಿಲ್ಲ. ಮಳೆ ಎರಚಲು ಮಾತ್ರ ಬಾಕ್ಸ್‌ಗೆ ತಗುಲಬಾರದು.

ಹಾಗಾದರೆ ಎಷ್ಟು ಬಾಕ್ಸ್ ತಗೊಳ್ಳಬೇಕು?

ಕಮ್ಮಿಯಿಂದ ಶುರು ಮಾಡಿ. 30×40 ಡ್ಯೂಪ್ಲೆಕ್ಸ್‌ಗೆ ಎರಡು. 40×60ರಲ್ಲಿ ನೆಲಮಹಡಿ, ಮೊದಲ ಮಹಡಿ, ಮೇಲೊಂದು ರೂಮು ಇದ್ದರೆ ಮೂರು. ಬಾಡಿಗೆಗೆ ಕೊಟ್ಟ ಮಹಡಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಜಾಸ್ತಿ ಬಾಕ್ಸ್ ಇಟ್ಟರೆ ಜಾಸ್ತಿ ಸ್ಪೀಡ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ವೈರ್ ಇಲ್ಲದ ಮೆಶ್‌ನಲ್ಲಿ ಬಾಕ್ಸ್ ಜಾಸ್ತಿಯಾದಷ್ಟೂ ಒಂದರ ಮಾತಿಗೆ ಇನ್ನೊಂದು ಕಾಯಬೇಕಾಗುತ್ತದೆ. ಎರಡರ ಪ್ಯಾಕ್ ತಂದು ಇಟ್ಟು ನೋಡಿ. ಸಾಲದಿದ್ದರೆ ಅದೇ ಮಾಡೆಲ್‌ನ ಇನ್ನೊಂದನ್ನು ಆಮೇಲೆ ಸೇರಿಸಬಹುದು.

ಸಿಗ್ನಲ್ ಸಿಗದ ರೂಮಿನಲ್ಲೇ ಎರಡನೇ ಬಾಕ್ಸ್ ಇಡಬೇಕಲ್ವಾ?

ಅಲ್ಲ. ಎಲ್ಲರೂ ಮೊದಲು ಮಾಡುವುದು ಇದನ್ನೇ. ಸಿಗ್ನಲ್ ಇಲ್ಲದ ಕಡೆ ಇಟ್ಟರೆ ಆ ಬಾಕ್ಸ್‌ಗೂ ಸಿಗ್ನಲ್ ಸಿಗುವುದಿಲ್ಲ. ಫೋನಿನಲ್ಲಿ ಫುಲ್ ಕಡ್ಡಿ ಕಾಣಿಸುತ್ತದೆ, ಪೇಜ್ ಮಾತ್ರ ತೆರೆಯುವುದಿಲ್ಲ. ಫೋನಿನಿಂದ ಬಾಕ್ಸ್‌ವರೆಗೆ ದಾರಿ ಚೆನ್ನಾಗಿದೆ, ಅಲ್ಲಿಂದ ಮುಂದೆ ದಾರಿ ಇಲ್ಲ.

ಮುಖ್ಯ ಬಾಕ್ಸ್‌ಗೂ ಸಿಗ್ನಲ್ ಸಿಗದ ರೂಮಿಗೂ ಸುಮಾರು ನಡುವೆ ಇಡಿ. ಆಂಡ್ರಾಯ್ಡ್ ಫೋನಿಗೆ ಸಿಗ್ನಲ್ ಅಳೆಯುವ ಉಚಿತ ಆಪ್‌ಗಳಿವೆ. ಬಾಕ್ಸ್ ಇಡಬೇಕೆಂದಿರುವ ಜಾಗದಲ್ಲಿ ಫೋನ್ ಹಿಡಿದು, ಮುಖ್ಯ ಬಾಕ್ಸಿನ 5 ಗಿಗಾಹರ್ಟ್ಸ್ ಸಿಗ್ನಲ್ ನೋಡಿ. ಮೈನಸ್ 65 ಡಿಬಿಎಂಗಿಂತ ಚೆನ್ನಾಗಿರಬೇಕು, ಅಂದರೆ ಮೈನಸ್ 60, 55 ಹೀಗೆ. ಮೈನಸ್ 75 ತೋರಿಸಿದರೆ ಆ ಜಾಗ ಬಿಟ್ಟುಬಿಡಿ. ಎರಡು ಅಂತಸ್ತಿನ ಮನೆಯಲ್ಲಿ ಮೆಟ್ಟಿಲು ತಿರುಗುವ ಜಾಗದಲ್ಲೋ, ಮೆಟ್ಟಿಲು ಮುಗಿಯುವ ಕಡೆಯೋ ಒಂದು ಪ್ಲಗ್ ಪಾಯಿಂಟ್ ಇದ್ದರೆ ಅದು ಚಿನ್ನದಂಥ ಜಾಗ.

ಬೀರುವಿನ ಮೇಲೆ ಇಡಬೇಡಿ, ಕಬ್ಬಿಣ ಸಿಗ್ನಲ್ ತಡೆಯುತ್ತದೆ. ದೊಡ್ಡ ಕನ್ನಡಿ, ಫ್ರಿಜ್, ಮೀನಿನ ತೊಟ್ಟಿ ಹಿಂದೆಯೂ ಬೇಡ. ಅಡುಗೆಮನೆಯ ಮೈಕ್ರೋವೇವ್ ಓಡುವಾಗ 2.4 ಗಿಗಾಹರ್ಟ್ಸ್‌ಗೆ ತೊಂದರೆ ಕೊಡುತ್ತದೆ. ಚೆಂದ ಕಾಣುವುದಿಲ್ಲ ಅಂತ ಶೋಕೇಸ್ ಬಾಗಿಲೊಳಗೆ ಮುಚ್ಚಿಡುವವರೂ ಇದ್ದಾರೆ. ದಯವಿಟ್ಟು ಬೇಡ. ಬಿಸಿಯೂ ಆಗುತ್ತದೆ, ಸಿಗ್ನಲ್ಲೂ ಹೋಗುತ್ತದೆ.

ವೈರ್ ಎಳೆಯಲೇಬೇಕಾ? ವೈರ್ ಬೇಡ ಅಂತಾನೇ ಮೆಶ್ ತಗೊಂಡಿದ್ದು.

ಎಳೆಯದೆಯೂ ನಡೆಯುತ್ತದೆ. ಎಳೆದರೆ ಬೇರೆಯೇ ಲೆಕ್ಕ.

ವೈರ್ ಇಲ್ಲದಾಗ ಎರಡನೇ ಬಾಕ್ಸಿನ ಪಾಡು ಹೀಗಿರುತ್ತದೆ: ಒಬ್ಬನೇ ಮನುಷ್ಯ ಅತ್ತ ಕಡೆಯವರ ಮಾತು ಪೂರ್ತಿ ಕೇಳಿಸಿಕೊಂಡು, ಆಮೇಲೆ ಇತ್ತ ಕಡೆಯವರಿಗೆ ಅದನ್ನೇ ಮತ್ತೆ ಹೇಳಬೇಕು. ಕೇಳುವಾಗ ಹೇಳಲು ಆಗುವುದಿಲ್ಲ. ಹೀಗಾಗಿ ಒಂದು ಬಾಕ್ಸ್ ದಾಟಿದಾಗ ಸ್ಪೀಡ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎರಡನೇ ಬಾಕ್ಸಿನಿಂದ ಮೂರನೆಯದಕ್ಕೆ ಹೋದರೆ ಇನ್ನೂ ಅರ್ಧ. ಟ್ರೈ-ಬ್ಯಾಂಡ್ ಅಂತ ಬರೆದಿರುವ ದುಬಾರಿ ಸೆಟ್‌ಗಳಲ್ಲಿ ಬಾಕ್ಸ್‌ಗಳು ತಮ್ಮೊಳಗೆ ಮಾತಾಡಲು ಬೇರೆಯೇ ರೇಡಿಯೋ ಇರುತ್ತದೆ, ಅದರಿಂದ ಈ ನಷ್ಟ ತುಂಬಾ ಕಮ್ಮಿಯಾಗುತ್ತದೆ. ಆದರೂ ಆ ರೇಡಿಯೋ ಕೂಡ ನಿಮ್ಮ ಗೋಡೆಯನ್ನೇ ದಾಟಬೇಕು.

ಬಾಕ್ಸ್‌ಗಳ ನಡುವೆ ಒಂದು ಲ್ಯಾನ್ ಕೇಬಲ್ ಇದ್ದರೆ ಈ ತಾಪತ್ರಯ ಯಾವುದೂ ಇಲ್ಲ. ಡೇಟಾ ಪೂರ್ತಿ ವೈರಿನಲ್ಲಿ ಹೋಗುತ್ತದೆ, ಗಾಳಿಯ ಜಾಗವೆಲ್ಲ ಫೋನ್, ಲ್ಯಾಪ್‌ಟಾಪ್‌ಗೆ ಉಳಿಯುತ್ತದೆ. ಗೋಡೆ ಎಷ್ಟು ದಪ್ಪ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಎರಡು ಸಾಧಾರಣ ಬಾಕ್ಸ್ ತಂದು ನಡುವೆ ವೈರ್ ಎಳೆದ ಮನೆಯಲ್ಲಿ, ದುಬಾರಿ ಟ್ರೈ-ಬ್ಯಾಂಡ್ ಸೆಟ್ ಹಾಕಿದ ಮನೆಗಿಂತ ವೈಫೈ ಚೆನ್ನಾಗಿರುತ್ತದೆ. ಇದನ್ನು ನಾವು ಎಷ್ಟು ಸಲ ಹೇಳಿದರೂ ಕಮ್ಮಿಯೇ.

ಎಲ್ಲ ಬಾಕ್ಸ್‌ಗೂ ಆಗದಿದ್ದರೆ ಒಂದಕ್ಕಾದರೂ ಎಳೆಸಿ. ಮನೆಯಿಂದ ಕೆಲಸ ಮಾಡುವವರು ಕೂರುವ ರೂಮಿಗೆ ಮೊದಲು.

ಕಟ್ಟಿರುವ ಮನೆಯಲ್ಲಿ ಗೋಡೆ ಒಡೆಯದೆ ವೈರ್ ಎಳೆಯುವುದು ಹೇಗೆ?

ಮೊದಲು ಹಳೇ ಕೇಬಲ್ ಟಿವಿ ಪೈಪನ್ನು ನೋಡಿ. ಸುಮಾರು ಮನೆಗಳಲ್ಲಿ ಹಾಲ್‌ನಿಂದ ಬೆಡ್‌ರೂಮಿಗೆ ಟಿವಿ ವೈರಿಗೆಂದೇ ಗೋಡೆಯೊಳಗೆ ಪೈಪ್ ಹಾಕಿಸಿರುತ್ತಾರೆ. ಈಗ ಆ ವೈರಿಗೆ ಕೆಲಸವಿಲ್ಲ. ಅದರ ತುದಿಗೆ ಲ್ಯಾನ್ ಕೇಬಲ್ ಕಟ್ಟಿ ಇನ್ನೊಂದು ಕಡೆಯಿಂದ ಎಳೆದರೆ ಅದು ಹೊರಬರುತ್ತದೆ, ಇದು ಒಳಹೋಗುತ್ತದೆ. ಲ್ಯಾಂಡ್‌ಲೈನ್ ಫೋನಿನ ಪೈಪೂ ಆಗುತ್ತದೆ.

ಅದೂ ಇಲ್ಲದಿದ್ದರೆ ಹೊರಗಿನಿಂದ ತನ್ನಿ. ಕಿಟಕಿ ಪಕ್ಕ ಒಂದು ತೂತು, ಸಜ್ಜಾ ಕೆಳಗೆ ಪಿವಿಸಿ ಪೈಪ್, ಮೇಲಿನ ಮಹಡಿಯಲ್ಲಿ ಇನ್ನೊಂದು ತೂತು. ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ, ಇಲ್ಲದಿದ್ದರೆ ಮಳೆನೀರು ಒಳಗೆ ಬರುತ್ತದೆ. ಪೈಪ್ ಹಾಕದೆ ಬರೀ ಕೇಬಲ್ ಬಿಡಬೇಡಿ. ಬಿಸಿಲಿಗೆ ಮೇಲಿನ ಹೊದಿಕೆ ಬಿರಿಯುತ್ತದೆ, ಅಳಿಲು, ಇಲಿ ಕಡಿಯುತ್ತವೆ. ಚಾಮುಂಡಿ ಬೆಟ್ಟದ ತಪ್ಪಲಿನ ಬಡಾವಣೆಯವರಿಗೆ ಕೋತಿ ಕಾಟದ ಬಗ್ಗೆ ನಾವು ಹೇಳಬೇಕಾಗಿಲ್ಲ.

ಕರೆಂಟಿನ ವೈರಿನ ಮೂಲಕವೇ ಡೇಟಾ ಕಳಿಸುವ ಪವರ್‌ಲೈನ್ ಅಡಾಪ್ಟರ್‌ಗಳೂ ಸಿಗುತ್ತವೆ. ಮೂರು ಫೇಸ್ ಇರುವ ದೊಡ್ಡ ಮನೆಯಲ್ಲಿ ಎರಡು ಪ್ಲಗ್‌ಗಳು ಬೇರೆ ಬೇರೆ ಫೇಸಿನಲ್ಲಿದ್ದರೆ ಇವು ಸರಿಯಾಗಿ ಕೆಲಸ ಮಾಡುವುದಿಲ್ಲ. ಯುಪಿಎಸ್ ಲೈನ್ ನಡುವೆ ಬಂದರೂ ಹಾಗೇ. ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ನೋಡಿ.

ಹೊಸ ಮನೆ ಕಟ್ಟಿಸುತ್ತಿದ್ದೇವೆ. ಈಗಲೇ ಏನು ಮಾಡಿಸಬೇಕು?

ನಿಮ್ಮಂಥವರಿಗಾಗಿಯೇ ಈ ಪುಟ ಬರೆದದ್ದು ಅಂದರೂ ತಪ್ಪಿಲ್ಲ. ಪ್ಲಾಸ್ಟರಿಂಗ್ ಆಗುವ ಮೊದಲು ಎಲೆಕ್ಟ್ರಿಷಿಯನ್ ಹತ್ತಿರ ಕೂತು ಮಾತಾಡಿ. ಮೋಲ್ಡ್ ಹಾಕುವ ಮೊದಲಾದರೆ ಇನ್ನೂ ಒಳ್ಳೆಯದು.

ಒಂದು ಜಾಗವನ್ನು ನಡುಮನೆಯಂತೆ ಇಟ್ಟುಕೊಳ್ಳಿ. ಮೆಟ್ಟಿಲ ಕೆಳಗಿನ ಗೂಡು, ಡಿಬಿ (ಕರೆಂಟಿನ ಫ್ಯೂಸ್ ಪೆಟ್ಟಿಗೆ) ಹತ್ತಿರದ ಒಂದು ಕಪಾಟು, ಯಾವುದಾದರೂ ಸರಿ. ಬೀದಿಯಿಂದ ಬರುವ ಫೈಬರ್ ನೇರ ಅಲ್ಲಿಗೆ ಬರಲು ಒಂದು ಪೈಪ್. ಅಲ್ಲಿಂದ ಪ್ರತಿ ಮಹಡಿಯ ನಡುಭಾಗದ ಸೀಲಿಂಗ್‌ಗೆ ಒಂದೊಂದು, ಟಿವಿ ಇರುವ ಗೋಡೆಗೆ ಒಂದು, ಓದುವ ರೂಮಿಗೆ ಒಂದು, ಗೇಟಿನ ಕ್ಯಾಮೆರಾಗೆ ಒಂದು. ಪೈಪ್ 25 ಮಿಲಿಮೀಟರಿನದ್ದೇ ಹಾಕಿಸಿ, ಸಣ್ಣದರಲ್ಲಿ ಎರಡನೇ ಕೇಬಲ್ ಹೋಗುವುದು ಕಷ್ಟ. ಕರೆಂಟಿನ ವೈರ್ ಇರುವ ಪೈಪಿನಲ್ಲಿ ಲ್ಯಾನ್ ಕೇಬಲ್ ಬೇಡ, ಯಾವ ಕಾರಣಕ್ಕೂ ಬೇಡ. ಪ್ರತಿ ಪೈಪಿನಲ್ಲೂ ಒಂದು ಕಟ್ಟುತಂತಿ ಬಿಟ್ಟಿರಿ, ಮುಂದೆ ಏನು ಎಳೆಯಲೂ ಆಗುತ್ತದೆ.

ಮೇಸ್ತ್ರಿಗೆ ಬಾಯಲ್ಲಿ ಹೇಳಿದರೆ ಸಾಲದು. ಪೈಪ್ ಹಾಕಿದ ಮೇಲೆ, ಗಾರೆ ಮುಚ್ಚುವ ಮೊದಲು, ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಸೀಲಿಂಗ್‌ಗೆ ಪೈಪ್ ಇದ್ದರೆ ಇನ್ನೊಂದು ಲಾಭ. ಲ್ಯಾನ್ ಕೇಬಲ್‌ನಲ್ಲೇ ಕರೆಂಟೂ ತಗೊಳ್ಳುವ ಆಕ್ಸೆಸ್ ಪಾಯಿಂಟ್‌ಗಳನ್ನು (ವೈಫೈ ಮಾತ್ರ ಹಂಚುವ ಬಾಕ್ಸ್‌ಗಳು) ನೆತ್ತಿಗೆ ಕೂರಿಸಬಹುದು. ಪಿಒಇ ಅನ್ನುವುದು ಇದನ್ನೇ. ಪಕ್ಕದಲ್ಲಿ ಪ್ಲಗ್ ಪಾಯಿಂಟ್ ಬೇಕಿಲ್ಲ. ಆಫೀಸು, ಹೋಟೆಲ್‌ಗಳಲ್ಲಿ ತಲೆಮೇಲೆ ಕಾಣುವ ಬಿಳಿ ತಟ್ಟೆಗಳು ಇವೇ.

ಯಾವ ಕೇಬಲ್ ತರಬೇಕು? ಅಂಗಡಿಯಲ್ಲಿ ಎಲ್ಲವೂ ಕ್ಯಾಟ್ 6 ಅಂತಾನೇ ಬರೆದಿದೆ.

ಕ್ಯಾಟ್ ಅನ್ನುವುದು ಲ್ಯಾನ್ ಕೇಬಲ್‌ನ ದರ್ಜೆ. ಕ್ಯಾಟ್ 5ಇ ಕೂಡ 100 ಮೀಟರ್ ದೂರದವರೆಗೆ 1 ಜಿಬಿಪಿಎಸ್ ಹೊರುತ್ತದೆ. ಹೊಸದಾಗಿ ಹಾಕಿಸುವುದಾದರೆ ಕ್ಯಾಟ್ 6 ಇರಲಿ. ಆದರೆ ಅಕ್ಷರಕ್ಕಿಂತ ಒಳಗಿನ ಲೋಹ ನೋಡಿ. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ಎಳೆಗೆ ಮೇಲೆ ತಾಮ್ರದ ಲೇಪ ಇರುತ್ತದೆ. ಬಂಡಲ್ ಮೇಲೆ ‘ಸಿಸಿಎ’ ಅಂತ ಸಣ್ಣದಾಗಿ ಬರೆದಿರಬಹುದು, ಬರೆಯದೆಯೂ ಇರಬಹುದು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ವಾಪಸ್ ಕೊಟ್ಟುಬಿಡಿ. ಅದು ಬಗ್ಗಿಸಿದರೆ ಮುರಿಯುತ್ತದೆ, ಪಿಒಇ ಹಾಕಿದರೆ ಜಾಸ್ತಿ ಬಿಸಿಯಾಗುತ್ತದೆ.

ಕ್ರಿಂಪಿಂಗ್ ಮಾಡುವಾಗಲೂ, ಅಂದರೆ ಕೇಬಲ್ ತುದಿಗೆ ಪಿನ್ ಕೂರಿಸುವಾಗಲೂ, ಪಕ್ಕದಲ್ಲಿ ನಿಂತು ನೋಡಿ. ಕೇಬಲ್‌ನಲ್ಲಿ ಎಂಟು ಎಳೆ ಇವೆ. ಕೆಲವರು ನಾಲ್ಕನ್ನೇ ಕೂರಿಸಿ ‘ನೆಟ್ ಬಂತಲ್ಲ’ ಅಂತ ಹೊರಟುಬಿಡುತ್ತಾರೆ. ನೆಟ್ ಬರುತ್ತದೆ, ಆದರೆ 100 ಎಂಬಿಪಿಎಸ್ ದಾಟುವುದಿಲ್ಲ. ನಿಮ್ಮ ಪ್ಲಾನ್ 300 ಇದ್ದು ಎಷ್ಟು ಸಲ ಟೆಸ್ಟ್ ಮಾಡಿದರೂ 93, 94ರಲ್ಲೇ ನಿಲ್ಲುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ಎಂಟೂ ಎಳೆ ಎರಡೂ ತುದಿಯಲ್ಲಿ ಒಂದೇ ಕ್ರಮದಲ್ಲಿರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಕನೆಕ್ಷನ್‌ನವರು ಕೊಟ್ಟ ಮೋಡೆಮ್‌ನಲ್ಲೂ ವೈಫೈ ಇದೆ. ಅದನ್ನು ಏನು ಮಾಡಬೇಕು?

ಅದರ ವೈಫೈ ಆಫ್ ಮಾಡಿಸಿ. ಇಲ್ಲದಿದ್ದರೆ ಎರಡು ಬೇರೆ ವೈಫೈಗಳು ಒಂದೇ ಮನೆಯಲ್ಲಿ ಜಗಳಕ್ಕೆ ನಿಲ್ಲುತ್ತವೆ, ಫೋನ್ ಹಳೆಯದಕ್ಕೇ ಅಂಟಿಕೊಂಡಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಮೋಡೆಮ್ಮೂ ರೂಟರ್, ಮೆಶ್ ಮುಖ್ಯ ಬಾಕ್ಸೂ ರೂಟರ್ ಆದರೆ ಡೇಟಾ ಎರಡು ಬಾಗಿಲು ದಾಟಬೇಕು. ಬ್ರೌಸಿಂಗ್, ವಿಡಿಯೋಗೆ ಗೊತ್ತಾಗುವುದಿಲ್ಲ. ಆನ್‌ಲೈನ್ ಗೇಮ್, ಆಫೀಸಿನ ವಿಪಿಎನ್, ಹೊರಗಿನಿಂದ ಕ್ಯಾಮೆರಾ ನೋಡುವುದು, ಇವಕ್ಕೆ ತೊಂದರೆ ಬರಬಹುದು. ಸುಲಭದ ದಾರಿ, ಮೆಶ್ ಆಪ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಆರಿಸುವುದು. ಹೀಗೆ ಮಾಡಿದಾಗ ಮಕ್ಕಳಿಗೆ ಸಮಯ ಮಿತಿ ಹಾಕುವಂಥ ಕೆಲವು ಸವಲತ್ತು ಸುಮಾರು ಮಾಡೆಲ್‌ಗಳಲ್ಲಿ ಹೋಗುತ್ತವೆ. ಅವು ಬೇಕಾದರೆ, ಕನೆಕ್ಷನ್‌ನವರಿಗೆ ಹೇಳಿ ಮೋಡೆಮ್ಮನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಲೈನನ್ನು ಮಾತ್ರ ದಾಟಿಸುವ ಮೋಡ್) ಹಾಕಿಸಿ, ಅವರ ಯೂಸರ್ ನೇಮ್, ಪಾಸ್‌ವರ್ಡನ್ನು ಮೆಶ್‌ನಲ್ಲಿ ಕೊಡಬೇಕು. ಮೋಡೆಮ್‌ನಿಂದಲೇ ಲ್ಯಾಂಡ್‌ಲೈನ್ ಫೋನ್ ಅಥವಾ ಟಿವಿ ಬಾಕ್ಸ್ ನಡೆಯುತ್ತಿದ್ದರೆ, ಬ್ರಿಡ್ಜ್ ಮಾಡಿದ ಮೇಲೂ ಅವು ನಡೆಯುತ್ತವಾ ಅಂತ ಮೊದಲೇ ಕೇಳಿಕೊಳ್ಳಿ.

ವೈಫೈ 6 ತಗೊಳ್ಳೋದಾ, 7 ತಗೊಳ್ಳೋದಾ?

ಈ ಅಂಕಿ ವೈಫೈಯ ತಲೆಮಾರು, ದೊಡ್ಡ ಅಂಕಿ ಅಂದರೆ ಹೊಸದು. ಹೆಚ್ಚಿನ ಮನೆಗಳಿಗೆ ವೈಫೈ 6 ಸಾಕು. ಇದರ ಬೆಲೆಯೂ ಈಗ ಇಳಿದಿದೆ. ವೈಫೈ 7ರ ದೊಡ್ಡ ಬಲಗಳಲ್ಲಿ ಒಂದು 6 ಗಿಗಾಹರ್ಟ್ಸ್ ಬ್ಯಾಂಡ್. ಅದು ಗೋಡೆ ದಾಟುವುದರಲ್ಲಿ 5 ಗಿಗಾಹರ್ಟ್ಸ್‌ಗಿಂತಲೂ ಹಿಂದೆ. ನಮ್ಮ ದಪ್ಪ ಗೋಡೆಯ ಮನೆಗಳಲ್ಲಿ ಅದಕ್ಕೆ ಕೊಡುವ ದುಡ್ಡನ್ನು ವೈರ್ ಎಳೆಸಲು ಕೊಡಿ.

ಬಾಕ್ಸ್ ಹಿಂದೆ ಎಷ್ಟು ಲ್ಯಾನ್ ಪೋರ್ಟ್ ಇದೆ, ಅವು ಗಿಗಾಬಿಟ್ ಪೋರ್ಟ್‌ಗಳಾ ನೋಡಿ. ತೀರಾ ಅಗ್ಗದ ಸೆಟ್‌ಗಳಲ್ಲಿ 100 ಎಂಬಿಪಿಎಸ್ ಪೋರ್ಟ್ ಇರುತ್ತದೆ. ಬೇರೆ ಬೇರೆ ಕಂಪನಿಯ ಬಾಕ್ಸ್‌ಗಳನ್ನು ಬೆರೆಸಬೇಡಿ. ಬೇರೆ ಕಂಪನಿಯವೂ ಒಂದಕ್ಕೊಂದು ಹೊಂದಲಿ ಅಂತ ಈಸಿಮೆಶ್ ಅನ್ನುವ ಸಾಮಾನ್ಯ ನಿಯಮ ಇದೆ, ಆದರೂ ಒಂದೇ ಕಂಪನಿಯದ್ದಾದರೆ ತಲೆನೋವು ಕಮ್ಮಿ.

ಮಗ ಅಮೆರಿಕದಿಂದ ಒಂದು ಸೆಟ್ ತರುತ್ತೇನೆ ಅಂತಿದ್ದಾನೆ. ತರಿಸಿಕೊಳ್ಳಬಹುದಾ?

ಮೈಸೂರಿನಲ್ಲಿ ಈ ಪ್ರಶ್ನೆ ಕೇಳದ ಬೀದಿಯಿಲ್ಲ. ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದ್ದರೆ ಕರೆಂಟಿನ ಚಿಂತೆ ಇಲ್ಲ, ಪಿನ್ ಬದಲಿಸಿಕೊಂಡರೆ ಆಯಿತು. ಆದರೆ ಚಾನೆಲ್‌ಗಳು ಆ ದೇಶದ ನಿಯಮದಂತೆ ಬೀಗ ಹಾಕಿರುತ್ತವೆ. ಇಲ್ಲಿ ಕೊಂಡ ಅದೇ ಕಂಪನಿಯ ಬಾಕ್ಸ್ ಅದಕ್ಕೆ ಸೇರದೆ ಇರಬಹುದು. ಕೆಟ್ಟರೆ ಸಾಮಾನ್ಯವಾಗಿ ಇಲ್ಲಿ ವಾರಂಟಿ ಸಿಗುವುದಿಲ್ಲ. ಇಲ್ಲೇ ಕೊಳ್ಳಿ.

ಕ್ಯಾಮೆರಾ, ಸ್ಮಾರ್ಟ್ ಪ್ಲಗ್ ಮೆಶ್‌ಗೆ ಸೇರುತ್ತಲೇ ಇಲ್ಲ.

ಅವುಗಳಲ್ಲಿ ಬಹಳಷ್ಟಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಮೆಶ್ ಎರಡೂ ಬ್ಯಾಂಡನ್ನು ಒಂದೇ ಹೆಸರಿನಲ್ಲಿ ಕೊಡುವುದರಿಂದ ಸೇರಿಸುವ ಹೊತ್ತಿಗೆ ಗೊಂದಲವಾಗುತ್ತದೆ. ಆಪ್‌ನಲ್ಲಿ 5 ಗಿಗಾಹರ್ಟ್ಸನ್ನು ಸ್ವಲ್ಪ ಹೊತ್ತು ಆಫ್ ಮಾಡಿ ಸೇರಿಸಿ, ಆಮೇಲೆ ಆನ್ ಮಾಡಿ. ಕೆಲವು ಆಪ್‌ಗಳಲ್ಲಿ ಇಂಥ ವಸ್ತುಗಳಿಗೆಂದೇ ಬೇರೆ ಹೆಸರಿನ ವೈಫೈ ಕೊಡಬಹುದು. ಹಳೇ ಕ್ಯಾಮೆರಾಗಳಿಗೆ ಡಬ್ಲ್ಯುಪಿಎ 3 (ವೈಫೈ ಪಾಸ್‌ವರ್ಡಿನ ಹೊಸ ಭದ್ರತಾ ವಿಧಾನ) ಕೂಡ ಆಗುವುದಿಲ್ಲ, ಡಬ್ಲ್ಯುಪಿಎ 2 ಇಡಿ.

ಮೇಲಿನ ಮಹಡಿಗೆ ಹೋದರೂ ಫೋನ್ ಕೆಳಗಿನ ಬಾಕ್ಸನ್ನೇ ಹಿಡಿದುಕೊಂಡಿರುತ್ತದೆ.

ಯಾವಾಗ ಬದಲಾಗಬೇಕು ಅಂತ ಕೊನೆಗೆ ತೀರ್ಮಾನಿಸುವುದು ಫೋನ್. ಬಾಕ್ಸ್ ಸಲಹೆ ಮಾತ್ರ ಕೊಡಬಲ್ಲದು. ಆಪ್‌ನಲ್ಲಿ ‘ಫಾಸ್ಟ್ ರೋಮಿಂಗ್’ ಇದ್ದರೆ ಆನ್ ಮಾಡಿ ನೋಡಿ. ಹಳೇ ಫೋನ್‌ಗಳು ಅದರಿಂದ ಕಟ್ಟಾಗತೊಡಗಿದರೆ ಆಫ್ ಮಾಡಿ. ಬಾಕ್ಸ್‌ಗಳು ತೀರಾ ಹತ್ತಿರ ಇದ್ದರೂ ಹೀಗಾಗುತ್ತದೆ, ಕೆಳಗಿನದೇ ಚೆನ್ನಾಗಿ ಸಿಗುತ್ತಿದ್ದರೆ ಫೋನ್ ಯಾಕೆ ಬದಲಾಗಬೇಕು? ಒಂದನ್ನು ಸ್ವಲ್ಪ ದೂರ ಸರಿಸಿ.

ಕರೆಂಟ್ ಹೋದಾಗ ವೈಫೈ ಉಳಿಸಿಕೊಳ್ಳುವುದು ಹೇಗೆ?

ಮನೆಗೆ ಯುಪಿಎಸ್ ಇದ್ದರೆ, ಮೋಡೆಮ್ ಮತ್ತು ಎಲ್ಲ ಬಾಕ್ಸ್‌ಗಳ ಪ್ಲಗ್ ಯುಪಿಎಸ್ ಲೈನಿನಲ್ಲಿವೆಯಾ ನೋಡಿ. ಮುಖ್ಯ ಬಾಕ್ಸ್ ಇದ್ದು ಮೋಡೆಮ್ ಆಫ್ ಆದರೆ ಪ್ರಯೋಜನವಿಲ್ಲ.

ಯುಪಿಎಸ್ ಇಲ್ಲದವರಿಗೆ ರೂಟರ್‌ಗೆಂದೇ ಸಣ್ಣ ಡಿಸಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ಬಾಕ್ಸಿನ ಅಡಾಪ್ಟರ್ ತಿರುಗಿಸಿ ಓದಿ. ಹೆಚ್ಚಿನವು 12 ವೋಲ್ಟ್, ಎಲ್ಲವೂ ಅಲ್ಲ. ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಮ್ಮಿ ಇರಬಾರದು. ಪಿನ್ನಿನ ಒಳಭಾಗ ಪ್ಲಸ್ ಆಗಿದೆಯಾ ಅಂತ ಅಡಾಪ್ಟರ್ ಮೇಲಿನ ಚಿತ್ರದಲ್ಲಿ ಇರುತ್ತದೆ, ಅದೂ ಹೊಂದಬೇಕು. ಪಿಒಇ ಬಾಕ್ಸ್ ಹಾಕಿಸಿದವರಿಗೆ ಇಲ್ಲೂ ಅನುಕೂಲ: ಆ ಬಾಕ್ಸ್‌ಗಳಿಗೆ ಕರೆಂಟ್ ಕೊಡುವ ಪಿಒಇ ಸ್ವಿಚ್ಚನ್ನು ಮೋಡೆಮ್ ಜೊತೆ ಒಂದೇ ಯುಪಿಎಸ್‌ಗೆ ಹಾಕಿದರೆ ಎಲ್ಲ ಮಹಡಿಗೂ ವೈಫೈ ಉಳಿಯುತ್ತದೆ.

ಮನೆಯಿಂದ ತೋಟದ ಮನೆಗೆ, ಪಂಪ್‌ಸೆಟ್ ಹತ್ತಿರದ ಕ್ಯಾಮೆರಾಗೆ ವೈಫೈ ಒಯ್ಯಬಹುದಾ?

ಮದ್ದೂರು, ಪಾಂಡವಪುರ, ಮಳವಳ್ಳಿ ಕಡೆಯವರು ಕೇಳುವ ಪ್ರಶ್ನೆ ಇದು. ಮನೆಯೊಳಗಿನ ಮೆಶ್ ಬಾಕ್ಸಿನಿಂದ ಇದು ಆಗುವುದಿಲ್ಲ. ಇದಕ್ಕೆಂದೇ ಹೊರಗೆ ಹಾಕುವ 5 ಗಿಗಾಹರ್ಟ್ಸ್ ಪಾಯಿಂಟ್ ಟು ಪಾಯಿಂಟ್ ರೇಡಿಯೋಗಳು ಜೋಡಿಯಾಗಿ ಸಿಗುತ್ತವೆ. ಒಂದು ಮನೆಯ ತಾರಸಿಯಲ್ಲಿ, ಇನ್ನೊಂದು ಅಲ್ಲಿ, ಒಂದಕ್ಕೊಂದು ಮುಖ ಮಾಡಿ. ನಡುವೆ ಏನೂ ಅಡ್ಡ ಇಲ್ಲದಿದ್ದರೆ ಕಿಲೋಮೀಟರ್ ದೂರ ಕೂಡ ಆರಾಮಾಗಿ ಹೋಗುತ್ತದೆ.

ಅಡ್ಡ ಇಲ್ಲದಿದ್ದರೆ ಅನ್ನುವುದರಲ್ಲೇ ಎಲ್ಲ ಇದೆ. ನಾಟಿ ಮಾಡಿದ ಹೊಸದರಲ್ಲಿ ರೇಡಿಯೋ ಹಾಕಿದರೆ ಚೆನ್ನಾಗಿ ನಡೆಯುತ್ತದೆ. ಕಬ್ಬು ಆಳೆತ್ತರ ದಾಟಿ ಮೇಲೆ ಹೋದಂತೆ ಸಿಗ್ನಲ್ ಕುಗ್ಗುತ್ತಾ ಬರುತ್ತದೆ. ಎಲೆಯಲ್ಲಿ ನೀರಿದೆ, ನೀರು ಈ ತರಂಗಗಳನ್ನು ಹೀರುತ್ತದೆ. ಮಳೆ ಬಂದು ಸೋಗೆಯೆಲ್ಲ ನೆನೆದ ದಿನ ಲಿಂಕ್ ಪೂರ್ತಿ ಹೋಗುತ್ತದೆ. ಕಟಾವಾದ ಮಾರನೇ ದಿನ ಮತ್ತೆ ತಾನೇ ಸರಿಯಾಗುತ್ತದೆ. ರೇಡಿಯೋ ಕೆಟ್ಟಿದೆ ಅಂತ ಬದಲಿಸುತ್ತಾ ಕೂರಬೇಡಿ. ಪಂಪ್‌ಸೆಟ್ ಕಡೆಗೆ ಒಂದು ಜಿಐ ಪೈಪ್ ನಿಲ್ಲಿಸಿ, ಬೆಳೆದ ಕಬ್ಬಿಗಿಂತ ನಾಲ್ಕೈದು ಅಡಿ ಮೇಲಿರುವಂತೆ ಕಟ್ಟಿಸಿ. ದಾರಿಯಲ್ಲಿ ತೆಂಗಿನ ತೋಟ ಇದ್ದರೆ ಪಕ್ಕಕ್ಕೆ ಸರಿದು ಬೇರೆ ಸಾಲು ಹುಡುಕಿ.

ಮನೆಗೂ ಕೊಟ್ಟಿಗೆಗೂ ನಡುವೆ ಕೇಬಲ್ಲೇ ಎಳೆಯುವುದಾದರೆ ತಾಮ್ರದ ಲ್ಯಾನ್ ಕೇಬಲ್ ಬೇಡ. ಮುಂಗಾರಿಗೆ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ ಗುಡುಗು ಸಿಡಿಲು ಜಾಸ್ತಿ. ಹತ್ತಿರ ಎಲ್ಲಾದರೂ ಸಿಡಿಲು ಬಿದ್ದರೂ ಹೊರಗಿನ ತಾಮ್ರದಲ್ಲಿ ಕರೆಂಟು ಹುಟ್ಟಿ ಎರಡೂ ತುದಿಯ ಸಾಮಾನು ಸುಟ್ಟುಹೋಗಬಹುದು. ಲೋಹದ ತಂತಿ ಇಲ್ಲದ ಫೈಬರ್ ಎಳೆಸಿ, ಎರಡು ಕಡೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್‌ಗೆ ಜೋಡಿಸುವ ಡಬ್ಬಿ) ಹಾಕಿ. ಗಾಜು ಕರೆಂಟ್ ಹರಿಸುವುದಿಲ್ಲ. 100 ಮೀಟರಿನ ಮಿತಿಯೂ ಇಲ್ಲ.

ದಸರಾಕ್ಕೆ ನೆಂಟರು ಬಂದರೆ ಎಲ್ಲರಿಗೂ ಪಾಸ್‌ವರ್ಡ್ ಕೊಡಬೇಕಾಗುತ್ತದೆ.

ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ, ಅದಕ್ಕೆ ಬೇರೆ ಪಾಸ್‌ವರ್ಡ್ ಇಡಿ. ಅದರಲ್ಲಿ ಸೇರಿದವರಿಗೆ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಕ್ಯಾಮೆರಾ, ಪ್ರಿಂಟರ್, ಕಂಪ್ಯೂಟರ್ ಕಾಣುವುದಿಲ್ಲ. ಕ್ಯೂಆರ್ ಕೋಡ್ ಪ್ರಿಂಟ್ ಮಾಡಿ ಗೊಂಬೆ ಕೂರಿಸಿದ ರೂಮಿನ ಬಾಗಿಲಿಗೆ ಅಂಟಿಸಿದರೆ ಯಾರೂ ಕೇಳುವುದೂ ಇಲ್ಲ. ನೆಂಟರು ಹೊರಟ ಮೇಲೆ ಆಫ್ ಮಾಡಿ.

ಮನೆ ತುಂಬಾ ಬಾಕ್ಸ್ ಇಟ್ಟರೆ ವಿಕಿರಣ ಜಾಸ್ತಿಯಾಗುವುದಿಲ್ಲವಾ? ಮಗು ಇದೆ.

ಕೇಳಬೇಕಾದ ಪ್ರಶ್ನೆಯೇ. ವೈಫೈ ತರಂಗಗಳು ಎಕ್ಸ್-ರೇ ಥರ ಜೀವಕೋಶದ ಒಳಗಿನ ಅಣುಗಳನ್ನು ಒಡೆಯುವಷ್ಟು ಶಕ್ತಿಯವಲ್ಲ. ಬಾಕ್ಸ್ ಹೊರಬಿಡುವ ಶಕ್ತಿಯೂ ಬಹಳ ಕಮ್ಮಿ, ದೂರ ಎರಡರಷ್ಟಾದರೆ ಅದು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೋ ತರಂಗಗಳನ್ನು 2ಬಿ ಗುಂಪಿಗೆ ಸೇರಿಸಿತು. ಅಂದರೆ, ಸಾಕ್ಷ್ಯ ಗಟ್ಟಿಯಿಲ್ಲ, ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಿಲ್ಲ. ತೊಟ್ಟಿಲ ಪಕ್ಕದ ಮೇಜಿನ ಮೇಲೆ ಬಾಕ್ಸ್ ಇಡಬೇಡಿ, ಎರಡು ಮೂರು ಮೀಟರ್ ದೂರ ಇಡಿ. ಸಿಗ್ನಲ್‌ಗೂ ಅದೇ ಒಳ್ಳೆಯ ಜಾಗ.

ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ನೆಟ್ ಹೋದರೆ ಅವರು ಏನು ಮಾಡಬೇಕು?

ಸೆಟ್ ಮಾಡಿದ ದಿನವೇ ಆಪ್ ಅನ್ನು ನಿಮ್ಮ ಫೋನಿನಲ್ಲೂ ಹಾಕಿಕೊಳ್ಳಿ. ಬೆಂಗಳೂರಿನಲ್ಲಿ ಕೂತೇ ಯಾವ ಬಾಕ್ಸ್ ಆಫ್ ಆಗಿದೆ ಅಂತ ನೋಡಬಹುದು. ಪ್ರತಿ ಬಾಕ್ಸ್‌ಗೂ ಆಪ್‌ನಲ್ಲಿ ಹಾಲ್, ಮೆಟ್ಟಿಲು, ಮೇಲಿನ ರೂಮು ಅಂತ ಹೆಸರು ಕೊಡಿ, ಬಾಕ್ಸ್ ಮೇಲೂ ಅದೇ ಹೆಸರಿನ ಚೀಟಿ ಅಂಟಿಸಿ. ಫೋನಿನಲ್ಲಿ ಮಾತಾಡುವಾಗ ‘ಆ ಬಿಳೀದು’ ಅಂದರೆ ಮೂರೂ ಬಿಳಿಯವೇ.

ಡಿಬಿ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿ. ಕನೆಕ್ಷನ್‌ನ ಗ್ರಾಹಕ ಸಂಖ್ಯೆ, ದೂರು ಕೊಡುವ ನಂಬರ್, ವೈಫೈ ಹೆಸರು ಅದರಲ್ಲಿರಲಿ. ಕೆಳಗೆ ದಪ್ಪ ಅಕ್ಷರದಲ್ಲಿ ಕ್ರಮ ಬರೆಯಿರಿ: ಎಲ್ಲವನ್ನೂ ಆಫ್ ಮಾಡಿ. ಮೊದಲು ಮೋಡೆಮ್ ಆನ್ ಮಾಡಿ, ಎರಡು ನಿಮಿಷ ಕಾಯಿರಿ. ಆಮೇಲೆ ಹಾಲ್‌ನ ಬಾಕ್ಸ್, ಇನ್ನೆರಡು ನಿಮಿಷ. ಉಳಿದವು ಆಮೇಲೆ. ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಬೇಡಿ ಅಂತಲೂ ಬರೆಯಿರಿ. ಅದು ರೀಸೆಟ್ ಬಟನ್, ಒತ್ತಿ ಹಿಡಿದರೆ ಸೆಟ್ಟಿಂಗ್ ಎಲ್ಲ ಅಳಿಸಿಹೋಗಿ ಮೊದಲಿನಿಂದ ಮಾಡಬೇಕಾಗುತ್ತದೆ.